ದೊಡ್ಡಮ್ಮನ ಹಾಡು ವಿಕಿಗೆ ಹೋದ ಮೇಲೆ

ಆ ಭಾನುವಾರ ಆರ್‌ಪಿಸಿ ಲೇಔಟ್‌ನ ನಮ್ಮ ಮನೆಗೆ ಬಸವೇಶ್ವರನಗರದಿಂದ ಮೂವರೂ ಬಂದಿದ್ದರು. ದಿವಾನದ ಮೇಲೆ ಕಾಲು ಚಾಚಿ ಕೂತ ದೊಡ್ಡಮ್ಮ, ಪಕ್ಕದಲ್ಲಿ ಅವರ ಮಗಳು, ಅಂದರೆ ನನ್ನ ಅಕ್ಕ, ಲ್ಯಾಪ್‌ಟಾಪ್ ತೆರೆದುಕೊಂಡ ಅಕ್ಕನ ಸೊಸೆ. ಅಕ್ಕನ ಮಗಳ ಮದುವೆ ಹತ್ತಿರ ಬಂದಿತ್ತು. ಮಾತೆಲ್ಲ ಅದರ ಸುತ್ತಲೇ.

ದೊಡ್ಡಮ್ಮನ ಮದುವೆ ಹಾಡುಗಳನ್ನು ನಾನು ಬಹಳ ವರ್ಷಗಳಿಂದ ನನ್ನ ಬ್ಲಾಗಿನಲ್ಲಿ ಬರೆದಿಡುತ್ತಿದ್ದೆ. ಅವರು ಹೇಳಿದ ಹಾಗೇ, ತಡವರಿಸಿದ ಕಡೆ ತಡವರಿಸಿದ ಹಾಗೇ. ಓದುವವರು ಕಡಿಮೆ. ಓದಿದವರು ಕೆಳಗೆ ಎರಡು ಮಾತು ಬರೆದು ಹೋಗುತ್ತಿದ್ದರು, ಜಗುಲಿಯಲ್ಲಿ ಕೂತು ನೀರು ಕುಡಿದು ಎದ್ದುಹೋದ ಹಾಗೆ. ಒಳಗಿನ ಪಾತ್ರೆ ಮುಟ್ಟುವ ಪ್ರಶ್ನೆಯೇ ಇರಲಿಲ್ಲ.

"ನಿಮ್ಮ ಬ್ಲಾಗಲ್ಲಿ ನೀವೊಬ್ರೇ ಬರೀತೀರಿ ಚಿಕ್ಕತ್ತೆ. ವಿಕಿ ಮಾಡಿದ್ರೆ ಮನೆಯೋರೆಲ್ಲ ಸೇರಿಸ್ಬಹುದು, ತಿದ್ದಬಹುದು," ಅಂದಳು ಸೊಸೆ. ಅಂದೇ ಮಾಡಿಯೂ ಕೊಟ್ಟಳು.

ಸುಳ್ಳು ಹೇಳಬಾರದು, ಮೊದಮೊದಲು ಹಬ್ಬವೇ. ನಂದಿನಿ ಲೇಔಟ್‌ನ ಅತ್ತೆ, ದಾವಣಗೆರೆಯ ನಂಟರು, ನಾನು ಕೇಳಿಯೇ ಇರದ ಹಾಡುಗಳನ್ನು ತಂದು ಸುರಿದರು. ನನ್ನೊಬ್ಬಳಿಂದ ಈ ಜನ್ಮದಲ್ಲಿ ಆಗುತ್ತಿರಲಿಲ್ಲ.

ಆಮೇಲೊಂದು ದಿನ ಅರಿಶಿನದ ಹಾಡಿನ ನಾಲ್ಕನೆಯ ನುಡಿ ಕಾಣಲಿಲ್ಲ.

ಅರಿಶಿನ ಅರೆವಾಗ ಆಚೀಚೆ ನೋಡೀನಿ
ತಂಗೀಯ ಬಳೆಸದ್ದು ಕೇಳಲಿಲ್ಲ

ಅದು ದೊಡ್ಡಮ್ಮ ತಾವೇ ಕಟ್ಟಿ ಸೇರಿಸಿದ್ದು. ಅವರ ಮದುವೆಗೆ ಮೊದಲೇ ಜ್ವರದಲ್ಲಿ ಹೋಗಿಬಿಟ್ಟ ತಂಗಿಗಾಗಿ. ಆ ಹುಡುಗಿಯ ಫೋಟೊ ಇಲ್ಲ, ಅವಳ ಹೆಸರನ್ನು ಯಾವ ಮಗುವಿಗೂ ಇಟ್ಟಿಲ್ಲ. ಇದ್ದದ್ದು ಈ ನುಡಿಯೊಂದೇ. ನಮ್ಮ ಮನೆಯ ಪ್ರತಿ ಮದುವೆಯಲ್ಲೂ ದೊಡ್ಡಮ್ಮ ಅದನ್ನು ಹೇಳುತ್ತಿದ್ದರು. ಈಚೆಗೆ ಮರೆವು ಶುರುವಾದ ಮೇಲೆ, "ಅದು ಕಂಪ್ಯೂಟರ್‌ನಲ್ಲಿ ಐತಲ್ಲವಾ?" ಎಂದು ಕೇಳಿ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ನಾನು ಮತ್ತೆ ಹಾಕಿದೆ. ಬೆಳಿಗ್ಗೆ ನೋಡಿದರೆ ಇಲ್ಲ. ಮತ್ತೆ ಹಾಕಿದೆ, ಮತ್ತೆ ಇಲ್ಲ. ಚರ್ಚೆಗೆಂದು ಒಂದು ಪುಟವೇ ಇದೆ, ಅದರಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರ ಹಾಡು ತಪ್ಪೆಂದು ಬಾಯಿಬಿಟ್ಟು ಹೇಳುವವರಿಲ್ಲ. ತಿದ್ದಿದವರ ಹೆಸರು ಮಾತ್ರ ಪುಟದ ಹಳೆಯ ತಿದ್ದುಪಡಿಗಳ ಪಟ್ಟಿಯಲ್ಲಿ ಉಳಿದಿತ್ತು. ಅಕ್ಕನದು.

ಫೋನ್ ಮಾಡಿದೆ. ಅವಳು ಜಗಳಕ್ಕೇ ಬರಲಿಲ್ಲ.

"ಅವ್ವನ ಎದುರಿಗೆ ಹೇಳೋಕೆ ಆಗಲ್ಲ ಕಣೇ. ಇಷ್ಟು ವರ್ಷ ಆಗ್ಲೇ ಇಲ್ಲ. ನನ್ನ ಮಗಳ ಅರಿಶಿನದಲ್ಲಿ ಸತ್ತೋರ ಮಾತು ಬೇಡ. ನಿನ್ನ ಮಗಳಾಗಿದ್ರೆ ನೀನು ಹಾಡಿಸ್ತಿದ್ಯಾ?"

ಸೊಸೆಯ ಮುಂದೆ ಗೋಳು ಹೇಳಿಕೊಂಡೆ. ಯಾರೂ ತಿದ್ದದ ಹಾಗೆ ಪುಟಕ್ಕೆ ಬೀಗ ಹಾಕಬಹುದು, ಅಂದಳು. "ಆದ್ರೆ ಯಾವುದಕ್ಕೆ ಹಾಕ್ಲಿ ಚಿಕ್ಕತ್ತೆ? ಅಜ್ಜೀದಕ್ಕಾ, ಅತ್ತೇದಕ್ಕಾ?" ಎಂದು ಕೇಳಿದಳು. ಆ ಮನೆಯಲ್ಲಿ ಬಾಳಬೇಕಾದವಳು ಅವಳು. ಬೇಡ ಬಿಡು ಅಂದೆ. ಬ್ಲಾಗಿನಲ್ಲಿ ನುಡಿ ಹಾಗೇ ಇತ್ತು, ಆದರೆ ಬ್ಲಾಗನ್ನು ಈಗ ಯಾರೂ ತೆರೆಯುತ್ತಿರಲಿಲ್ಲ, ಎಲ್ಲರ ಫೋನಿನಲ್ಲೂ ವಿಕಿಯೇ.

ಅಕ್ಕನ ಮಗಳ ಅರಿಶಿನದ ದಿನ ಕೆಂಗೇರಿಯ ಛತ್ರದಲ್ಲಿ ಹೆಂಗಸರು ಫೋನ್ ನೋಡಿಕೊಂಡು ಹಾಡಿದರು. ಮೂರನೆಯ ನುಡಿ ಮುಗಿದದ್ದೇ ದೊಡ್ಡಮ್ಮ "ಅರಿಶಿನ ಅರೆವಾಗ" ಎಂದು ಎತ್ತಿಕೊಂಡರು. ಉಳಿದವರು ಆಗಲೇ ಮುಂದಕ್ಕೆ ಹೋಗಿಯಾಗಿತ್ತು. ಅವರು ನಿಲ್ಲಿಸಿ, ತಾವೇ ತಪ್ಪಿದರೇನೋ ಎಂಬಂತೆ ಸುತ್ತ ನೋಡಿದರು. ಅಕ್ಕ ಮಗಳ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮುಂದಿನ ಭಾನುವಾರ ದೊಡ್ಡಮ್ಮ ಬಂದು, ಎಲ್ಲರೂ ಹಾಡುವ ಆ ಹಾಡನ್ನು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ತೆಗೆದುಕೊಡು ಎಂದರು. "ನಂದು ಹಳೇದಾಯ್ತು. ಅವರ ಜೊತೆ ಹೇಳೋಕೆ ಬರಬೇಕಲ್ಲವಾ?" ತೆಗೆದುಕೊಟ್ಟೆ. ಶ್ರಾವಣದಲ್ಲಿ ನಂಟರೊಬ್ಬರ ಮದುವೆ ಬಂತು. ಅರಿಶಿನದ ಹಾಡನ್ನು ದೊಡ್ಡಮ್ಮನೇ ಹೇಳಿಕೊಟ್ಟರು, ಕಾಗದ ನೋಡದೆ, ಎಲ್ಲೂ ತಡವರಿಸದೆ. ಆ ನುಡಿ ಅದರಲ್ಲಿರಲಿಲ್ಲ.