ಹಳದಿ ಚೆಲ್ಲದ ಮನೆಯಲ್ಲಿ ಚೆಲ್ಲಿದ ಸಾರು

ಬೆಳಗಿನ ಜಾವ. ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರಿಗೆಂದು ಕಟ್ಟಿದ ಲೈನ್ ಮನೆಗಳ ಬಾಗಿಲುಗಳು ಇನ್ನೂ ತೆರೆದಿಲ್ಲ. ಚಿನ್ನ ತೆಗೆದು ಬಿಟ್ಟ ಮಣ್ಣು ಗುಡ್ಡೆಯಾದ ಸೈನೈಡ್ ದಿಬ್ಬದ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿದೆ. ಸಾಲಿನ ಕೊನೆಯ ಮನೆಯ ಹಿತ್ತಲಿನಲ್ಲಿ ಮಾತ್ರ ಟಕ್ ಟಕ್ ಎಂಬ ಸದ್ದು. ಮುನಿನಾರಾಯಣಮ್ಮ ಮೊಟ್ಟೆ ಒಡೆಯುತ್ತಿದ್ದಾರೆ. ಪಾತ್ರೆಯ ಅಂಚಿಗೆ ಒಮ್ಮೆ ತಟ್ಟಿ, ಮೊಟ್ಟೆಯನ್ನು ಎಡಗೈಗೆ ಸುರಿದುಕೊಂಡು, ಬೆರಳ ಸಂದಿಯಿಂದ ಬಿಳಿಯನ್ನು ಕೆಳಕ್ಕೆ ಇಳಿಸುತ್ತಾರೆ. ಅಂಗೈಯಲ್ಲಿ ಉಳಿದ ಹಳದಿಯನ್ನು ಪಕ್ಕದ ಡಬರಿಗೆ ಮೆಲ್ಲನೆ ಜಾರಿಸುತ್ತಾರೆ. ಎರಡು ಟ್ರೇ ಮೊಟ್ಟೆ ಮುಗಿಯುವವರೆಗೆ ಆ ಕೈಯಲ್ಲಿ ಒಂದು ಹಳದಿಯೂ ಒಡೆಯುವುದಿಲ್ಲ.

"ಬಿಳಿ ಹುಡುಗರ್‌ದು, ಅಳದಿ ನನ್ದು," ಎನ್ನುತ್ತಾರೆ ಕೈ ನಿಲ್ಲಿಸದೆ.

ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಬಂದ ಹುಡುಗರಿಗೂ, ಊರು ಬಿಟ್ಟು ಬಂದ ಕೆಲವು ಸಿಬ್ಬಂದಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಹೋಗುವುದು ಈ ಮನೆಯಿಂದ. ಬೋರ್ಡಿಲ್ಲ, ಹೆಸರಿಲ್ಲ. ಮುನಿನಾರಾಯಣಮ್ಮ ಅಡುಗೆ ಮಾಡುತ್ತಾರೆ, ಗಂಡ ಬಚ್ಚಪ್ಪ ಕ್ಯಾರಿಯರ್‌ಗಳನ್ನು ಟಿವಿಎಸ್ ಗಾಡಿಗೆ ನೇತುಹಾಕಿಕೊಂಡು ಕಾರ್ಖಾನೆಯ ಗೇಟಿಗೆ ಮುಟ್ಟಿಸುತ್ತಾರೆ. ಕೆಲವು ಹುಡುಗರು ಇಲ್ಲಿಗೇ ಬಂದು ತಿನ್ನುವುದೂ ಉಂಟು. ಹುಡುಗರಲ್ಲಿ ಹೆಚ್ಚಿನವರು ಸಂಜೆ ಜಿಮ್‌ಗೆ ಹೋಗುವವರು. ಬಿಳಿ ತಿಂದರೆ ಮೈಕಟ್ಟು, ಹಳದಿ ತಿಂದರೆ ಬೊಜ್ಜು ಎಂದು ಅಲ್ಲಿ ಯಾರೋ ಅವರ ತಲೆಗೆ ತುಂಬಿದ್ದಾರೆ. ಬಂಗಾರಪೇಟೆ ಕಡೆಯ ಹಳ್ಳಿಯ ಸುಧಾಕರ್ ಎಂಬ ತರುಣ ಈ ಪಂಗಡದ ಮುಂದಾಳು. "ಅಕ್ಕಾ, ನಂಗೆ ಬರೀ ಬಿಳೀದೇ ಆಮ್ಲೆಟ್ ಮಾಡಿ, ಅಳದಿ ಏನಾದ್ರೂ ಮಾಡ್ಕೊಳ್ಳಿ" ಎಂದು ಮೊದಲು ಹೇಳಿದವನು ಅವನೇ. ನನಗೆ ಹಳದಿ ಎಂದರೆ ಪ್ರಾಣ. ಹಾಗಾಗಿ ಈ ವ್ಯಾಜ್ಯದಲ್ಲಿ ನಾನು ಯಾರ ಕಡೆ ಎಂದು ಓದುಗರು ಕೇಳಬೇಕಾಗಿಲ್ಲ.

ಏನಾದರೂ ಮಾಡಿಕೊಳ್ಳಿ ಎಂದದ್ದನ್ನು ಮುನಿನಾರಾಯಣಮ್ಮ ಅಕ್ಷರಶಃ ತೆಗೆದುಕೊಂಡರು. ಬೇತಮಂಗಲದ ಹತ್ತಿರದ ಹಳ್ಳಿಯ ರೈತರ ಮನೆಯ ಮಗಳು ಅವರು. ತವರಿನಲ್ಲಿ ಕೋಳಿ ಇಟ್ಟ ಮೊಟ್ಟೆ ಸಂತೆಗೆ ಹೋಗುತ್ತಿತ್ತು. ಮಕ್ಕಳ ಬಾಯಿಗೆ ಬೀಳುತ್ತಿದ್ದದ್ದು ಒಡಕು ಮೊಟ್ಟೆ ಮಾತ್ರ. "ನಮ್ಮವ್ವ ಒಂದು ಒಡಕು ಮೊಟ್ಟೇನ ಸಾರಿಗೆ ಕದಡಿ ಮನೆ ಮಂದಿಗೆಲ್ಲ ಉಣ್ಣಿಸೋಳು. ಅಂತಾದ್ರಲ್ಲಿ ಇಷ್ಟು ಅಳದಿ ಚರಂಡಿಗೆ ಸುರಿಯೋಕೆ ನಂಗೆ ಕೈ ಬರಲ್ಲ ಸಾರ್."

ಹಾಗಾಗಿ ಈ ಮನೆಯಲ್ಲಿ ಹಳದಿಗೆ ಹಲವು ದಾರಿಗಳಿವೆ. ಬೇಯಿಸಿದ್ದಾದರೆ ಪುಡಿ ಮಾಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಜೊತೆ ಹುರಿದು, ಮೇಲೊಂದಿಷ್ಟು ಕಾಯಿತುರಿ ಉದುರಿಸಿ ಪಲ್ಯ ಮಾಡುತ್ತಾರೆ. ಮುದ್ದೆಯ ಪಕ್ಕದಲ್ಲಿ ಅದನ್ನಿಟ್ಟರೆ ಸುಧಾಕರ್ ತನ್ನ ಜಿಮ್ ಮರೆತು ಎರಡನೇ ಸಲ ಕೈ ಚಾಚುತ್ತಾನೆ. ಹಸಿ ಹಳದಿ ರಾಗಿ ಹಿಟ್ಟು, ಸಬ್ಬಸಿಗೆ ಸೊಪ್ಪಿನ ಜೊತೆ ಸೇರಿ ದೋಸೆಯಾಗುತ್ತದೆ. ಹಾಲು, ಬೆಲ್ಲ, ಏಲಕ್ಕಿಯೊಂದಿಗೆ ಕದಡಿ ಹಬೆಯಲ್ಲಿ ಬೇಯಿಸಿದರೆ ಥೇಟ್ ಗಿಣ್ಣು. ಯಾವ ಹಸುವೂ ಕರು ಹಾಕಬೇಕಾಗಿಲ್ಲ. ಹುಡುಗರು ಹೇಳದೆ ಕೇಳದೆ ರಜೆಗೆ ಊರಿಗೆ ಹೋದ ದಿನ ಬಿಳಿಯೇ ಉಳಿದುಬಿಡುತ್ತದೆ. ಅದನ್ನು ನೊರೆ ಬರುವ ಹಾಗೆ ಬಡಿದು ವಡೆಯ ಹಿಟ್ಟಿಗೆ ಸೇರಿಸುತ್ತಾರೆ, ಇಲ್ಲವೇ ಮಿಕ್ಕ ಅನ್ನಕ್ಕೆ ಹಾಕಿ ಹುರಿಯುತ್ತಾರೆ. ಹಳದಿ ಉಳಿದರೆ ಒಣಗದ ಹಾಗೆ ಮೇಲೆ ಒಂದಿಷ್ಟು ನೀರು ಹನಿಸಿ, ಉಪ್ಪು ಅರಿಸಿನ ಹಾಕಿ ಫ್ರಿಜ್‌ನಲ್ಲಿ ಇಡುವುದು, ಮರುದಿನ ಮುಗಿಸಿಬಿಡುವುದು ಅವರ ಕ್ರಮ.

ಎಲ್ಲಕ್ಕಿಂತ ಹೆಚ್ಚು ಹಳದಿ ಹೋಗುವುದು ಸಾರಿಗೆ. ಕುದಿಯುವ ಸಾರಿಗೆ ನೇರವಾಗಿ ಸುರಿದರೆ ಅದು ಎಳೆಎಳೆಯಾಗಿ ಒಡೆಯುತ್ತದೆ. ಅವರು ಮೊದಲು ಒಂದು ಸೌಟು ಬಿಸಿ ಸಾರನ್ನು ಹಳದಿಗೇ ಹಾಕಿ ಕದಡಿ, ಆಮೇಲೆ ಅದನ್ನು ಸಾರಿಗೆ ಬಗ್ಗಿಸುತ್ತಾರೆ. ಸಾರು ದಪ್ಪವಾಗುತ್ತದೆ, ಒಳಗೆ ಮೊಟ್ಟೆ ಇದೆ ಎಂದು ಕಣ್ಣಿಗೂ ತಿಳಿಯುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಈ ಕೈಗುಣವೇ ಒಂದು ದಿನ ಅವರ ಕೊರಳಿಗೆ ಬಂತು.

ಅದನ್ನು ಹೇಳುವ ಮೊದಲು ವೇಣುಗೋಪಾಲ್ ಅವರ ಪರಿಚಯವಾಗಬೇಕು. ಕಾರ್ಖಾನೆಯ ಹಿರಿಯ ಸಿಬ್ಬಂದಿ, ದಾವಣಗೆರೆ ಕಡೆಯವರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವರಲ್ಲ. ಮೊಟ್ಟೆ ಒಡೆಯುವ ಮನೆಯ ಊಟ ಬೇಡವೆಂದೇ ಮೊದಮೊದಲು ದೂರ ಉಳಿದಿದ್ದರು. ಹೊರಗಿನ ಊಟ ಹೊಟ್ಟೆಗೆ ಆಗಿಬರದೆ ಒಂದು ದಿನ ಖುದ್ದಾಗಿ ಬಂದು ಅಡುಗೆಮನೆ ನೋಡಿದರು. ಮೊಟ್ಟೆಯ ಕೆಲಸವೆಲ್ಲ ಹಿತ್ತಲಿನ ಒಲೆಯಲ್ಲಿ. ಒಳಗಿನ ಒಲೆಯಲ್ಲಿ ಸಾರು ಆದ ಕೂಡಲೇ ಅವರ ಪಾಲು ಎತ್ತಿಟ್ಟು, ಆಮೇಲೆ ಉಳಿದದ್ದನ್ನು ಹಿತ್ತಲಿಗೆ ಒಯ್ದು ಹಳದಿ ಕೂಡಿಸುವುದು. ಶನಿವಾರವಂತೂ ತಿಮ್ಮಪ್ಪನ ದಿನ, ಈ ಮನೆಯ ಯಾವ ಸಾರಿಗೂ ಮೊಟ್ಟೆ ಸೋಕುವುದಿಲ್ಲ. ಹುಡುಗರ ಬಿಳಿ ಆಮ್ಲೆಟ್ ಮಾತ್ರ ಹಿತ್ತಲಿನಲ್ಲಿ ಆಗುತ್ತದೆ, ಆ ದಿನದ ಹಳದಿ ಭಾನುವಾರದ ತನಕ ಕಾಯುತ್ತದೆ. ಇಷ್ಟು ನೋಡಿ ಹೋದ ವೇಣುಗೋಪಾಲ್ ಮತ್ತೆ ಅಡುಗೆಮನೆಗೆ ಬರಲಿಲ್ಲ. ಅವರ ಕ್ಯಾರಿಯರ್ ಮಾತ್ರ ವರ್ಷಗಳಿಂದ ಬರುತ್ತಿದೆ, ಹೋಗುತ್ತಿದೆ.

ಕಳೆದ ಬೇಸಿಗೆಯ ಒಂದು ಶನಿವಾರ. ಬಸ್ಸಾರಿನ ದಿನ. ಬೇಳೆ, ಸೊಪ್ಪು ಬೇಯಿಸಿ ಬಸಿದ ಕಟ್ಟು ಒಂದು ಡಬರಿಯಲ್ಲಿತ್ತು. ಅಂದಿನ ಹಳದಿ, ಅರಿಸಿನ ಹಾಕಿ ಕದಡಿದ್ದು, ಅಂಥದ್ದೇ ಇನ್ನೊಂದು ಡಬರಿಯಲ್ಲಿತ್ತು. ಕರೆಂಟ್ ಹೋಯಿತು. ಫ್ರಿಜ್ ತೆರೆಯುವುದು ಬೇಡವೆಂದು ಮುನಿನಾರಾಯಣಮ್ಮ ಹಳದಿಯ ಡಬರಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ, ಕಟ್ಟಿನ ಡಬರಿಯ ಪಕ್ಕದಲ್ಲಿ ಇಟ್ಟರು. ಇನ್ನೂ ಬೆಳಕು ಹರಿದಿರಲಿಲ್ಲ. ಬಚ್ಚಪ್ಪನವರ ಮೊಬೈಲಿನ ಟಾರ್ಚನ್ನು ಡಬ್ಬಿಗೆ ಒರಗಿಸಿಟ್ಟುಕೊಂಡು ಸಾರು ಕೂಡಿಸಿದರು. ಅತ್ತೆ ಪೆದ್ದಮ್ಮ ಪಾತ್ರೆ ತೊಳೆದು ಬೋರಲು ಹಾಕಿ ದೇವಸ್ಥಾನಕ್ಕೆ ಹೋದರು. ಊಟದ ಹೊತ್ತಾಗುತ್ತಿದ್ದಂತೆ ಬಚ್ಚಪ್ಪ ಕ್ಯಾರಿಯರ್‌ಗಳೊಂದಿಗೆ ಹೊರಟರು. ಆಮೇಲೆ ಕರೆಂಟ್ ಬಂತು, ಮುನಿನಾರಾಯಣಮ್ಮ ಹಳದಿಯನ್ನು ಫ್ರಿಜ್‌ನಲ್ಲಿಡೋಣವೆಂದು ಕಟ್ಟೆಯ ಕಡೆ ತಿರುಗಿದರೆ ಡಬರಿ ಇಲ್ಲ. ಎರಡೂ ಡಬರಿಗಳು ಖಾಲಿಯಾಗಿ, ತೊಳೆದು, ಬೋರಲು ಬಿದ್ದಿವೆ.

"ಕಟ್ಟು ಎರಡು ಸಲ ಬಗ್ಗಿಸಿದ್ದು ಗ್ಯಾಪ್ಕ ಐತೆ. ಒಂದೇ ಡಬರೀಲಿ ಎರಡು ಸಲಾನಾ, ಎರಡು ಡಬರೀಲಿ ಒಂದೊಂದು ಸಲಾನಾ, ಅದು ಗ್ಯಾಪ್ಕ ಇಲ್ಲ. ಕೈ ತಾನೇ ಮಾಡ್ಕೊಂಡು ಓಗ್ಬಿಟ್ಟೈತೆ."

ಪಾತ್ರೆಯಲ್ಲಿ ಉಳಿದ ಸಾರನ್ನು ಸೌಟಿನಿಂದ ಎತ್ತಿ ನೋಡಿದರು. ದಪ್ಪಗಿತ್ತು. ಬಸ್ಸಾರು ದಪ್ಪಗೇ ಇರುತ್ತದೆ. ಎಳೆ ಕಾಣಲಿಲ್ಲ. ಅವರು ಕೂಡಿಸಿದರೆ ಎಳೆ ಬರುವುದೇ ಇಲ್ಲವಲ್ಲ. ನಾಲಿಗೆಗೆ ಹಚ್ಚಿಕೊಂಡು ನೋಡಿದರು. ಹೆದರಿದ ನಾಲಿಗೆಗೆ ಬೆಳ್ಳುಳ್ಳಿಯೂ ಮೊಟ್ಟೆಯ ಹಾಗೇ ಕಂಡಿತು. ಗಂಡನಿಗೆ ಫೋನ್ ಮಾಡೋಣವೆಂದರೆ ಆ ಫೋನು ಅಡುಗೆಮನೆಯ ಡಬ್ಬಿಗೇ ಒರಗಿಕೊಂಡಿತ್ತು. ಅತ್ತೆ ಪೂಜೆ ಮುಗಿಸಿ ಬರುವುದು ಊಟದ ಹೊತ್ತು ಕಳೆದ ಮೇಲೆಯೇ. ಉಳಿದವರೆಲ್ಲ ಮೊಟ್ಟೆ ತಿನ್ನುವವರು, ಅವರ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ಒಂದು ಕ್ಯಾರಿಯರಿನದ್ದು.

ಇಲ್ಲಿ ನಾನು ಅವರನ್ನು ಕೇಳಬಾರದ ಪ್ರಶ್ನೆ ಕೇಳಿದೆ. ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಲ್ಲವೇ ಎಂದು. ಮುನಿನಾರಾಯಣಮ್ಮ ನನ್ನ ಮುಖವನ್ನೇ ನೋಡಿ, "ನಂಗೆ ಗೊತ್ತಾಗ್ತಿತ್ತಲ್ಲ ಸಾರ್" ಎಂದು ಮೊಟ್ಟೆ ಒಡೆಯುವುದನ್ನು ಮುಂದುವರಿಸಿದರು.

ಮನೆಗೆ ಚಿಲಕ ಹಾಕಿ, ಉಟ್ಟ ಸೀರೆಯಲ್ಲೇ ರಸ್ತೆಗೆ ಓಡಿ, ಸಿಕ್ಕ ಆಟೋ ಹತ್ತಿ ಗೇಟಿಗೆ ಹೋದರು. ಕ್ಯಾರಿಯರ್ ಆಗಲೇ ಒಳಗೆ ಹೋಗಿತ್ತು. ಕಾವಲಿನವರ ಕೈಕಾಲು ಹಿಡಿದು ಒಳಗಿನ ಫೋನಿನಲ್ಲಿ ಹೇಳಿಕಳಿಸಿದರು. ಊಟದ ಸೈರನ್ ಕೂಗಿತು. ವೇಣುಗೋಪಾಲ್ ಬರಲಿಲ್ಲ. ಆ ಸೈರನ್ ಕೇಳಿದಾಗಿನಿಂದ ಗೇಟಿನ ಕಂಬಿ ಹಿಡಿದುಕೊಂಡೇ ನಿಂತಿದ್ದೆ ಎಂದು ಅವರು ನೆನೆಯುತ್ತಾರೆ. ಕೊನೆಗೆ ವೇಣುಗೋಪಾಲ್ ಬಂದರು, ಕೈಯಲ್ಲಿ ಕ್ಯಾರಿಯರ್ ಇತ್ತು.

"ಉಂಡ್ರಾ ಸ್ವಾಮಿ?" ಎಂದು ಇವರು ಕೇಳಿದರು.

"ಇನ್ನೂ ಇಲ್ಲಮ್ಮ. ಕೈ ತೊಳೀತಿದ್ದೆ, ನೀವು ಬಂದಿದ್ದೀರಿ ಅಂದ್ರು. ಏನಾಯ್ತು, ಮನೇಲಿ ಎಲ್ಲ ಕ್ಷೇಮ ತಾನೆ?"

"ತಿನ್ಬೇಡಿ. ಅದ್ರಲ್ಲಿ ಮೊಟ್ಟೆ ಬಿದ್ದಿರ್ಬೌದು. ಬಿದ್ದೈತೋ ಇಲ್ವೋ ನಂಗೇ ಗೊತ್ತಿಲ್ಲ. ತಪ್ಪಾಯ್ತು."

ವೇಣುಗೋಪಾಲ್ ಕ್ಯಾರಿಯರನ್ನು ಇವರ ಕೈಗೆ ಕೊಟ್ಟು, ನಾನು ಕ್ಯಾಂಟೀನ್‌ನಲ್ಲಿ ಮೊಸರನ್ನ ತಿನ್ನುತ್ತೇನೆ, ನೀವು ಬಿಸಿಲಲ್ಲಿ ನಿಲ್ಲಬೇಡಿ ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು ಎನ್ನುತ್ತಾರೆ ಮುನಿನಾರಾಯಣಮ್ಮ. ಬೈಯದೆ ಹೋದವರು ಇನ್ನು ಮುಂದೆ ಕ್ಯಾರಿಯರ್ ಕಳಿಸುವುದಿಲ್ಲ ಎಂದೇ ಅವರು ತೀರ್ಮಾನಿಸಿದರು.

ಮನೆಗೆ ಬಂದು ಕ್ಯಾರಿಯರಿನ ಸಾರನ್ನೂ, ಶನಿವಾರದ ನೇಮ ಕೆಟ್ಟಿತೆಂದು ಪಾತ್ರೆಯಲ್ಲಿ ಉಳಿದಿದ್ದ ಅಷ್ಟೂ ಬಸ್ಸಾರನ್ನೂ ಹಿತ್ತಲಿನ ಚರಂಡಿಗೆ ಸುರಿದರು. ಸುರಿದು ಪಾತ್ರೆ ಕೆಳಗಿಡುವ ಹೊತ್ತಿಗೆ ಪೆದ್ದಮ್ಮ ಕುಂಕುಮವಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಪೆದ್ದಮ್ಮನಿಗೆ ವಯಸ್ಸು ಎಂಬತ್ತರ ಹತ್ತಿರ. ಗಣಿಗೆ ಇಳಿಯುತ್ತಿದ್ದ ಗಂಡನಿಗೆ ಬುತ್ತಿ ಕಟ್ಟಿದವರು. ತೆಲುಗು ಬೆರೆತ ಆ ಕಾಲದ ಮಾತು, ಆ ಕಾಲದ ಕೆಲಸ. ಸೊಸೆ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡರು. ಆಮೇಲೆ ನೀರಿನ ತೊಟ್ಟಿಯ ಪಕ್ಕಕ್ಕೆ ನಡೆದರು. ಅಲ್ಲಿ ಒದ್ದೆ ಮರಳಿನಲ್ಲಿ ಅರ್ಧ ಹೂತ ಒಂದು ಮಡಕೆ ಇದೆ. ಫ್ರಿಜ್ ಬರುವ ಮುಂಚೆ ಹಾಲು ಮೊಸರು ಇಡುತ್ತಿದ್ದ ಮಡಕೆ. ಅದರ ಮುಚ್ಚಳ ತೆಗೆದರು.

"ಕರೆಂಟ್ ಲೇದು, ಅಳದಿ ಕೆಟ್ಟೋತದೆ ಅಂತ ಇದ್ರಾಗೆ ಸುರ್ದು ಡಬರಿ ತೊಳ್ದಾಕ್ದೆ ಅಮ್ಮಯ್ಯಾ. ನೀನು ಟಾರ್ಚ್ ಇಟ್ಕೊಂಡು ಒಗ್ಗರಣೆ ಆಕ್ತಿದ್ದೆ. ನಿಂಗೆ ಏಳೋಣ ಅಂದ್ಕೊಂಡು ಮರ್ತೆ."

ಮಡಕೆಯಲ್ಲಿ ಹಳದಿ ಅಷ್ಟೂ ಇತ್ತು, ಮೇಲೆ ನೀರು ಹನಿಸಿ, ಒಣಗದ ಹಾಗೆ. ಸಾರಿಗೆ ಒಂದು ತೊಟ್ಟೂ ಬಿದ್ದಿರಲಿಲ್ಲ. ಮುನಿನಾರಾಯಣಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತು ಅತ್ತರು, ಅಳುತ್ತಲೇ ನಕ್ಕರು. ಅತ್ತೆಯ ಕೈ ಹಿಡಿದುಕೊಂಡರು.

ಸಂಜೆ ಬಚ್ಚಪ್ಪ ತೊಳೆದ ಕ್ಯಾರಿಯರನ್ನು ಗೇಟಿಗೆ ಒಯ್ದು ವೇಣುಗೋಪಾಲ್ ಅವರಿಗೆ ಕೊಟ್ಟು, ಸಾರು ಶುದ್ಧವಾಗಿತ್ತೆಂದು ತಿಳಿಸಿ ಬಂದರು. ಸೋಮವಾರ ಬೆಳಿಗ್ಗೆ ಖಾಲಿ ಕ್ಯಾರಿಯರ್ ಎಂದಿನ ಜಾಗದಲ್ಲಿ ಕಾದಿತ್ತು. ವೇಣುಗೋಪಾಲ್ ಅವರನ್ನು ನಾನೂ ಭೇಟಿಯಾದೆ. ಮಾತು ಕಡಿಮೆ ಇರುವ ಮನುಷ್ಯ. "ಮುಂಚೆ ಮುಚ್ಚಳ ತೆಗೆದಾಗ ಒಂದು ಸಲ ಮೂಸಿ ನೋಡ್ತಿದ್ದೆ, ಸುಳ್ಳು ಯಾಕೆ ಹೇಳಲಿ," ಎಂದರು. "ಅವತ್ತಿಂದ ಮೂಸೋದು ಬಿಟ್ಟಿದ್ದೀನಿ. ಏನಾದ್ರೂ ಇದ್ರೆ ಆಯಮ್ಮನೇ ಓಡಿ ಬರ್ತಾರೆ."

ಹಳದಿಯ ಡಬರಿಯ ಕಿವಿಗೆ ಈಗ ಕೆಂಪು ದಾರ ಕಟ್ಟಿದೆ. ಕರೆಂಟ್ ಹೋದರೆ ಕೈಯಿಂದ ತಡವಿದರೂ ಗೊತ್ತಾಗಬೇಕೆಂದು ಕಟ್ಟಿದವರು ಪೆದ್ದಮ್ಮ. ಮರಳಿನ ಮಡಕೆಗೂ ಮತ್ತೆ ಕೆಲಸ ಬಂದಿದೆ. ಸುಧಾಕರ್ ಮಾತ್ರ ಬದಲಾಗಿಲ್ಲ. ಇವತ್ತೂ ಬಿಳಿ ಆಮ್ಲೆಟ್ ತಿಂದು, ಹೋಗುವಾಗ ಬಾಗಿಲಲ್ಲಿ ನಿಂತು, ಮಧ್ಯಾಹ್ನ ಹಳದಿ ಪಲ್ಯ ಉಂಟೇ ಎಂದು ಕೇಳಿಕೊಂಡು ಹೋಗುತ್ತಾನೆ.

ಬಿಸಿಲು ಸಾಲಿನ ಮನೆಗಳ ಹೆಂಚಿಗೆ ಬಂದಿದೆ. ಬಚ್ಚಪ್ಪ ಗಾಡಿ ಸ್ಟಾರ್ಟ್ ಮಾಡುತ್ತಿದ್ದಾರೆ. ಇಷ್ಟು ವರ್ಷಗಳಲ್ಲಿ ನಿಮ್ಮ ಮನೆಯಿಂದ ಚರಂಡಿಗೆ ಹೋದದ್ದು ಏನೂ ಇಲ್ಲವೇ ಎಂದು ಹೊರಡುವ ಮುನ್ನ ಕೇಳುತ್ತೇನೆ. ಮುನಿನಾರಾಯಣಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಆ ಬಸ್ಸಾರು ಒಂದೇ ಸಾರ್. ಒಳ್ಳೇ ಸಾರು, ಏನೂ ಬಿದ್ದಿರ್ಲಿಲ್ಲ ಅದ್ರಲ್ಲಿ. ಬೇರೆ ಏನು ಚೆಲ್ಲಿದ್ರೂ ನಂಗೆ ಒಟ್ಟೆ ಉರೀತದೆ. ಅದುನ್ನ ಚೆಲ್ಲಿದ್ದಕ್ಕೆ ಮಾತ್ರ ಇವತ್ತಿಗೂ ಉರಿದಿಲ್ಲ."