ಅಖಾಡಕ್ಕೆ ಎಸೆದ ಟೋಪಿ

ನಮ್ಮ ಶಾಲೆಯ ಪ್ರಿನ್ಸಿಪಾಲರ ನಿವೃತ್ತಿ ಹತ್ತಿರ ಬಂದಾಗ ಚೇರ್ಮನ್ನರು ಎಲ್ಲ ಶಿಕ್ಷಕರನ್ನೂ ಕರೆದು ಒಂದು ಮೀಟಿಂಗ್ ಮಾಡಿದರು. ಜೆ.ಪಿ. ನಗರದ ನಮ್ಮ ಶಾಲೆ ತೀರಾ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಅಕ್ಕಪಕ್ಕದಲ್ಲಿ ಏಸಿ ತರಗತಿಗಳ ಶಾಲೆಗಳು ಎದ್ದ ಮೇಲೆ ‘ಹಳೇ ಸ್ಕೂಲು, ಆದ್ರೆ ಒಳ್ಳೇ ಸ್ಕೂಲು’ ಅನ್ನಿಸಿಕೊಂಡು ಬದುಕುತ್ತಿತ್ತು. ನಾನು ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಚೇರ್ಮನ್ನರು ಗ್ರಾನೈಟ್ ವ್ಯಾಪಾರದಿಂದ ವಿದ್ಯಾದಾನಕ್ಕೆ ಬಂದವರು. ಈಚೆಗೆ ಮ್ಯಾನೇಜ್‌ಮೆಂಟ್ ಪುಸ್ತಕಗಳನ್ನು ಓದತೊಡಗಿದ್ದರಿಂದ ಅವರ ಮಾತು ಅರ್ಥವಾಗುವುದು ಸ್ವಲ್ಪ ಕಷ್ಟವಾಗಿತ್ತು.

“ಹೊರಗಡೆಯಿಂದ ಯಾರನ್ನೋ ಯಾಕೆ ತರ್ಬೇಕು? ನಮ್ಮಲ್ಲೇ ಟ್ಯಾಲೆಂಟ್ ಇದೆ. ಸೀನಿಯರ್ಸ್ ಇದೀರ. ಮುಂದೆ ಬನ್ನಿ. ಥ್ರೋ ಯುವರ್ ಹ್ಯಾಟ್ ಇನ್ ದ ರಿಂಗ್!” ಎಂದು ಅವರು ಮೇಜು ತಟ್ಟಿದರು. ಹೇಳುವಾಗ ನನ್ನನ್ನೂ ನನ್ನ ಪಕ್ಕದಲ್ಲಿದ್ದ ಪಿ.ಟಿ. ಮೇಷ್ಟರನ್ನೂ ನೋಡಿದರು. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದೆವು. ನೋಟ ನಮ್ಮನ್ನು ದಾಟಿ ಇನ್ನೂ ಹಿಂದೆ ಹೋಗುವುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಪಿ.ಟಿ. ಮೇಷ್ಟರು ಬಿಳೇಕಹಳ್ಳಿಯವರು. ಅವರ ತಂದೆಯ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಮನೆಗಳಿವೆ, ಅವುಗಳಲ್ಲಿ ಬಾಡಿಗೆಗೆ ಇರುವವರು ಇವರನ್ನು ‘ಓನರ್ ಅಂಕಲ್’ ಎನ್ನುತ್ತಾರೆ. ದುಡಿದು ತಿನ್ನಬೇಕಾದ ಅಗತ್ಯ ಅವರಿಗಿರಲಿಲ್ಲ. ಬೆಳಗ್ಗೆ ಎದ್ದು ಸೀಟಿ ಊದದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ ಎಂದು ಶಾಲೆಗೆ ಬರುತ್ತಿದ್ದರು. ಮೀಟಿಂಗ್ ಮುಗಿದು ಸ್ಟಾಫ್ ರೂಮಿಗೆ ಬಂದಾಗ ಕೇಳಿದರು:

“ಮೇಡಂ, ಅವ್ರು ಏನ್ ಎಸೀರಿ ಅಂದಿದ್ದು?”

“ಟೋಪಿ.”

“ಯಾರ್ ಟೋಪಿ?”

“ನಮ್ಮ ನಮ್ಮದೇ.”

ಅವರು ತಲೆಯ ಮೇಲಿದ್ದ ಕ್ಯಾಪ್ ತೆಗೆದು ತಿರುಗಿಸಿ ನೋಡಿದರು. ನಾನು ತಿಳಿದಷ್ಟನ್ನು ವಿವರಿಸಿದೆ. ಹಿಂದೆ ಬಾಕ್ಸಿಂಗ್ ನಡೆಯುವಲ್ಲಿ ಗುಂಪಿನಲ್ಲಿ ನಿಂತ ಯಾರಿಗಾದರೂ ಸೆಣಸುವ ಮನಸ್ಸಾದರೆ ಆ ಗದ್ದಲದಲ್ಲಿ ಕೂಗಿದರೆ ಕೇಳಿಸುತ್ತಿರಲಿಲ್ಲವಂತೆ. ಅದಕ್ಕೇ ತಮ್ಮ ಟೋಪಿಯನ್ನು ರಿಂಗಿನೊಳಗೆ ಎಸೆಯುತ್ತಿದ್ದರಂತೆ. ಈಗ ಯಾವುದಾದರೂ ಹುದ್ದೆಗೆ ನಾನೂ ಸ್ಪರ್ಧಿ ಎಂದು ಹೇಳಿಕೊಳ್ಳುವುದಕ್ಕೆ ಆ ಮಾತು ಬಳಕೆಯಲ್ಲಿದೆ. ನಮ್ಮಲ್ಲಿ ಪೈಲ್ವಾನರು ತೊಡೆ ತಟ್ಟುತ್ತಾರಲ್ಲ, ಹೆಚ್ಚುಕಡಿಮೆ ಅದೇ ಎಂದೆ.

“ಹೆಚ್ಚುಕಡಿಮೆ ಇಲ್ಲ ಮೇಡಂ, ತುಂಬಾನೇ ವ್ಯತ್ಯಾಸ ಇದೆ,” ಎಂದರು ಮೇಷ್ಟರು. “ತೊಡೆ ತಟ್ಟಿ ಸೋತ್ರೆ ತೊಡೆ ನಮ್ ಹತ್ರಾನೇ ಇರತ್ತೆ. ಆಮೇಲೆ, ನಮ್ ಕಡೆ ಟೋಪಿ ಎಸೆಯೋರ್ನ ನಾನ್ ನೋಡೇ ಇಲ್ಲ. ಲೇಔಟ್ ಮಾಡೋ ಟೈಮಲ್ಲಿ ನಮ್ಮೂರಿಗ್ ಬಂದೋರೆಲ್ಲ ಟೋಪಿ ಹಾಕೋರೇ.”

ಎಲ್ಲರೂ ನಕ್ಕರು. ಆಮೇಲೆ ಸ್ವಲ್ಪ ದಿನ ಆ ಮಾತು ಸ್ಟಾಫ್ ರೂಮಿನ ಆಟಿಕೆಯಾಯಿತು. ಆನ್ಯುಯಲ್ ಡೇಗೆ ಹೂಕುಂಡ ಸಾಗಿಸುವವರು ಯಾರು ಎಂದರೆ ‘ನಾನಂತೂ ಟೋಪಿ ಎಸೆಯಲ್ಲಪ್ಪ’ ಎನ್ನುವರು. ಬೇರೆಯವರಿಗೂ ಬೇಕಾದದ್ದಕ್ಕೆ ಮಾತ್ರ ಅದನ್ನು ಬಳಸಬೇಕು, ಯಾರಿಗೂ ಬೇಡದ ಕೆಲಸಕ್ಕಲ್ಲ ಎಂದು ಇಂಗ್ಲಿಷ್ ಟೀಚರ್ ತಿದ್ದಿ ತಿದ್ದಿ ಸೋತರು. ಮನೆಯಲ್ಲೂ ಅದೇ ಕಥೆ. ನಾನು ಹೇಳಿದ್ದನ್ನು ಕೇಳಿದ ನನ್ನ ಗಂಡ ಮಾರನೆಯ ಬೆಳಗ್ಗೆ ಬನಶಂಕರಿ ಮಾರ್ಕೆಟ್ಟಿಗೆ ಚೀಲ ಹಿಡಿದು ಹೊರಟವರು, “ಇವತ್ತು ಅವರೇಕಾಯಿಗೆ ನಾನೇ ಟೋಪಿ ಎಸೀತೀನಿ” ಎಂದರು. ಅವರೇಕಾಯಿಯ ಮಟ್ಟಿಗೆ ಬಳಕೆ ಸರಿಯಾಗಿತ್ತು, ಪೈಪೋಟಿ ನಿಜವಾಗಿಯೂ ಜೋರಾಗಿತ್ತು.

ನಗೆಯ ನಡುವೆ ನನ್ನೊಳಗೆ ಬೇರೆಯದೇ ನಡೆದಿತ್ತು. ಅಲ್ಲಿಯವರೆಗೆ ‘ಮಹತ್ವಾಕಾಂಕ್ಷೆ’ ಎಂಬುದು ನನ್ನ ಪಾಲಿಗೆ ಸವರ್ಣದೀರ್ಘ ಸಂಧಿಗೊಂದು ಉದಾಹರಣೆ, ಅಷ್ಟೆ. ಬಿಡಿಸಿ ಬರೆಸಿದರೆ ಅದರ ಕೆಲಸ ಮುಗಿಯುತ್ತಿತ್ತು. ಈಗ ಕಾರಿಡಾರಿನಲ್ಲಿ ನಡೆಯುವಾಗ ಪ್ರಿನ್ಸಿಪಾಲರ ಕೋಣೆಯ ಪರದೆಯ ಬಣ್ಣ ನನಗೆ ಇಷ್ಟವಿಲ್ಲ ಎಂದು ಮೊದಲ ಸಲ ತೋಚಿತು. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಅಡುಗೆ ಮಾಡುವಾಗಲೂ ಯೋಚಿಸುತ್ತಿದ್ದೆ. ಹುಡುಗಿಯರ ಶೌಚಾಲಯದ ಬಾಗಿಲುಗಳಿಗೆ ಚಿಲಕ ಹಾಕಿಸುತ್ತಿದ್ದೆ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಎಳೆದು ಹಿಡಿದು ಕಾಯಬೇಕಿತ್ತು. ಗಣಿತದಲ್ಲಿ ಹಿಂದೆ ಬಿದ್ದವರಿಗೆ ಸಂಜೆ ಮಾಡುವ ಕ್ಲಾಸನ್ನು ಬೆಳಗಿನ ಹೊತ್ತಿಗೆ ತರುತ್ತಿದ್ದೆ. ಕೊನೆಗೊಂದು ದಿನ ಅರ್ಜಿ ಕೊಟ್ಟೇಬಿಟ್ಟೆ. ಕೊಟ್ಟು ಹೊರಬಂದರೆ ಪಿ.ಟಿ. ಮೇಷ್ಟರೂ ಒಂದು ಲಕೋಟೆ ಹಿಡಿದು ಎದುರಾದರು.

“ನೀವೂನಾ?” ಎಂದೆ.

“ಚೇರ್ಮನ್ನೇ ಫೋನ್ ಮಾಡಿ ಹಾಕಿ ಹಾಕಿ ಅಂದ್ರು ಮೇಡಂ. ನಿಮ್ಗೇನೂ ತೊಂದ್ರೆ ಇಲ್ಲ, ನಾನ್ ಸೋಲ್ತೀನಿ,” ಎಂದು ಸಂಕೋಚದಿಂದ ನಕ್ಕರು.

ಸಂದರ್ಶನ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ, ಚೇರ್ಮನ್ನರ ಸ್ವಂತ ಆಫೀಸಿನಲ್ಲಿ. ಶನಿವಾರ ಬೆಳಗ್ಗೆ ಮೇಷ್ಟರು ಕಾರು ತಂದು ನನ್ನನ್ನೂ ಹತ್ತಿಸಿಕೊಂಡರು. ಎದುರಾಳಿಗಳಿಬ್ಬರು ಒಂದೇ ಕಾರಿನಲ್ಲಿ ಯುದ್ಧಕ್ಕೆ ಹೊರಟೆವು. ಅವರು ಹೊಸ ಬ್ಲೇಜರ್ ಹಾಕಿದ್ದರು. ಭುಜ ಎತ್ತಿದರೆ ಬ್ಲೇಜರೂ ಕಿವಿಯವರೆಗೆ ಏಳುತ್ತಿತ್ತು. ದಾರಿಯುದ್ದಕ್ಕೂ ನಾನು ಕೇಳುವ ಪ್ರಶ್ನೆಗೆ ಅವರು, ಅವರು ಕೇಳಿದ್ದಕ್ಕೆ ನಾನು ಉತ್ತರ ಹೇಳಿ ಅಭ್ಯಾಸ ಮಾಡಿದೆವು. “ನಿಮ್ಮ ವೀಕ್‌ನೆಸ್ ಏನು?” ಎಂದು ಕೇಳಿದರೆ ಅವರು, “ಶ್ಯಾವಿಗೆ ಪಾಯಸ” ಎಂದರು. ಇದು ಬೇಡ, ಬೇರೆ ಯೋಚಿಸಿ ಎಂದೆ.

ನಾವು ಹೊರಗಿನ ಸೋಫಾದಲ್ಲಿ ಕೂತು ಸ್ವಲ್ಪ ಹೊತ್ತಾಗಿತ್ತು. ಒಳಗಿನ ಕೋಣೆಯಿಂದ ನಗು ಕೇಳಿಸುತ್ತಿತ್ತು. ಬಾಗಿಲು ತೆರೆದು, ಕೈಯಲ್ಲಿ ಕಾಫಿ ಕಪ್ ಹಿಡಿದಿದ್ದ ಹೆಂಗಸೊಬ್ಬರು ಹೊರಗೆ ಬಂದರು. ನಲವತ್ತರ ಆಸುಪಾಸು, ಕಾಟನ್ ಸೀರೆ, ಚುರುಕಾದ ಕಣ್ಣು.

“ಎಕ್ಸ್‌ಕ್ಯೂಸ್ ಮಿ, ಏಸಿ ರಿಮೋಟ್ ಎಲ್ಲಿದೆ ಗೊತ್ತಾ? ಒಳಗೆ ತುಂಬಾ ಚಳಿ,” ಎಂದರು. ಕನ್ನಡ ಹೊಸದಾಗಿ ಕಲಿತವರಂತೆ ಒಂದೊಂದೇ ಪದ ಆರಿಸಿ ಇಡುತ್ತಿದ್ದರು.

“ನಾವು ಸ್ಕೂಲಿನವರು ಮೇಡಂ, ಆಫೀಸಿನವರಲ್ಲ,” ಎಂದೆ.

“ಓ, ಸ್ಕೂಲ್ ಸ್ಟಾಫ್!” ಅವರ ಮುಖ ಅರಳಿತು. ಕಪ್ಪನ್ನು ಎಡಗೈಗೆ ದಾಟಿಸಿ ನಮಸ್ಕಾರ ಮಾಡುವಂತೆ ಕೈ ಎತ್ತಿದರು. “ನೈಸ್ ಮೀಟಿಂಗ್ ಯೂ. ನಾನು ನಿಮ್ಮ ಹೊಸಾ ಪ್ರಿನ್ಸಿಪಾಲ್. ಒಂದನೇ ತಾರೀಕು ಜಾಯಿನ್ ಆಗ್ತೀನಿ. ನೀವು ವೆಲ್‌ಕಮ್ ಮಾಡೋಕೆ ಬಂದ್ರಾ? ಸೋ ಸ್ವೀಟ್!”

ಮೇಷ್ಟರು ಎದ್ದು ನಿಂತು, “ಹೌದು ಮೇಡಂ, ವೆಲ್‌ಕಮ್” ಎಂದುಬಿಟ್ಟರು.

ಅವರು ಒಳಗೆ ಹೋದ ಮೇಲೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಲ್ಲಿದ್ದ ಗುಮಾಸ್ತರು ನೆಲ ನೋಡುತ್ತ ಮೆಲ್ಲಗೆ, “ಟ್ರಸ್ಟ್ ರೂಲ್ ಇದೆ ಮೇಡಂ. ಕಮ್ಮಿ ಅಂದ್ರೂ ಮೂರು ಜನರ ಇಂಟರ್‌ವ್ಯೂ ಆಗಿರ್ಬೇಕು” ಎಂದರು. ನನ್ನ ಕಿವಿ ಬಿಸಿಯಾಯಿತು. ಎದ್ದು ಹೋಗೋಣ ಎಂದೆ. ಮೇಷ್ಟರು ಬ್ಲೇಜರ್ ಬಿಚ್ಚಿ ಮಡಚಿ ಪಕ್ಕಕ್ಕಿಟ್ಟು ನಿರಾಳವಾಗಿ ಕಾಲು ಚಾಚಿದರು.

“ಯಾಕ್ ಹೋಗ್ಬೇಕು ಮೇಡಂ? ಇಷ್ಟ್ ವರ್ಷದಲ್ಲಿ ನಮ್ ಮಾತು ಕೇಳೋಕೆ ಅಂತ ಯಾವತ್ತಾದ್ರೂ ಟೈಮ್ ಕೊಟ್ಟಿದ್ರಾ? ಇವತ್ತು ಕೊಟ್ಟವ್ರೆ. ಕೆಲಸ ಹೆಂಗೂ ಸಿಗಲ್ಲ, ಹೇಳೋದ್ ಹೇಳಿ ಬರಣ.”

ನನ್ನನ್ನು ಮೊದಲು ಕರೆದರು. ಚೇರ್ಮನ್ನರು, ಅವರ ಮಗ, ಮತ್ತೆ ಒಬ್ಬ ಸಲಹೆಗಾರರು ಕೂತಿದ್ದರು. ಇನ್ನೈದು ವರ್ಷದಲ್ಲಿ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಎಂದು ಸಲಹೆಗಾರರು ಕೇಳಿದರು. ಮನೆಯಲ್ಲಿ, ರಿಟೈರ್ ಆಗಿರುತ್ತೇನೆ ಎಂದೆ. ಅಲ್ಲಿಂದ ಮುಂದೆ ನನಗೆ ತಡೆಯೇ ಇರಲಿಲ್ಲ. ಗೆಲ್ಲುವ ಆಸೆ ಬಿಟ್ಟವಳ ನಾಲಿಗೆ ಎಷ್ಟು ಸಲೀಸಾಗಿ ಹೊರಳುತ್ತದೆ ಎಂದು ಅವತ್ತು ತಿಳಿಯಿತು. ಚಿಲಕದ ವಿಷಯ, ಗಣಿತದ ಕ್ಲಾಸಿನ ವಿಷಯ, ಮಕ್ಕಳ ಎದುರಿಗೇ ಟೀಚರುಗಳನ್ನು ಬೈಯುವ ವಿಷಯ, ಎಲ್ಲವನ್ನೂ ಕನ್ನಡದಲ್ಲೇ ಹೇಳಿದೆ. ಚೇರ್ಮನ್ನರು ಫೋನ್ ನೋಡುವುದನ್ನು ಬಿಟ್ಟು ಕೇಳಿದರು. ಸಲಹೆಗಾರರು ಬರೆದುಕೊಂಡೇ ಬರೆದುಕೊಂಡರು. ಕೊನೆಯಲ್ಲಿ, “ವಂಡರ್‌ಫುಲ್!” ಎಂದು ಎಲ್ಲರೂ ಕೈ ಕುಲುಕಿದರು. ನನ್ನ ಜೀವಮಾನದ ಅತ್ಯುತ್ತಮ ಸಂದರ್ಶನ, ಇಲ್ಲದ ಹುದ್ದೆಗೆ.

ಮೇಷ್ಟರು ಒಳಗೆ ಹೋದವರು ಬೇಗನೆ ಬಂದರು. ಶಾಲೆಯ ಬಸ್ಸುಗಳು ಆಟದ ಮೈದಾನದಲ್ಲೇ ನಿಲ್ಲುತ್ತಿದ್ದವು. ಅದರಿಂದ ಮಕ್ಕಳು ಕಬಡ್ಡಿಯನ್ನು ಎರಡು ಬಸ್ಸುಗಳ ನಡುವೆ ಆಡಬೇಕಿತ್ತು. ಬಸ್ಸುಗಳನ್ನು ಅಲ್ಲಿಂದ ತೆಗೆಸಿ ಎಂದು ಮೇಷ್ಟರು ಅದೊಂದನ್ನೇ ಕೇಳಿದರಂತೆ. ಬಸ್ಸು ನಿಲ್ಲಿಸಲು ಬೇರೆ ಜಾಗ ಎಲ್ಲಿದೆ ಎಂದು ಚೇರ್ಮನ್ನರು ಕೇಳಿದ್ದಕ್ಕೆ, ಬಿಳೇಕಹಳ್ಳಿಯಲ್ಲಿ ತಮ್ಮದೊಂದು ಖಾಲಿ ಸೈಟಿದೆ ಎಂದರಂತೆ. ಅಲ್ಲೇ ಬಾಡಿಗೆ ಒಪ್ಪಂದವಾಗಿಹೋಯಿತು. ಪ್ರಿನ್ಸಿಪಾಲರಾಗಲು ಹೋದ ಮೇಷ್ಟರು ಮ್ಯಾನೇಜ್‌ಮೆಂಟಿಗೇ ಓನರ್ ಅಂಕಲ್ ಆಗಿ ಹೊರಬಂದರು. ಮರಳುವಾಗ ನನಗೆ ಮಸಾಲೆ ದೋಸೆ ಕೊಡಿಸಿದರು. ಬೇಡ ಎನ್ನುವಷ್ಟು ಸಿಟ್ಟು ನನಗೆ ಮಿಕ್ಕಿರಲಿಲ್ಲ.

ಹೊಸ ಪ್ರಿನ್ಸಿಪಾಲರು ಒಂದನೇ ತಾರೀಕು ಬಂದರು. ಮೊದಲ ಅಸೆಂಬ್ಲಿಯಲ್ಲಿ ತಮ್ಮ ‘ವಿಷನ್’ ಎಂದು ಇಂಗ್ಲಿಷಿನಲ್ಲಿ ಒಂದು ಭಾಷಣ ಮಾಡಿದರು. ಹೆಣ್ಣುಮಕ್ಕಳ ಘನತೆ, ಬೆಳಗಿನ ಗಣಿತ, ಶಿಕ್ಷಕರಿಗೆ ಗೌರವ. ಕೇಳುತ್ತ ಕೇಳುತ್ತ ನನಗೆ ನನ್ನದೇ ಧ್ವನಿ ಬೇರೆ ಬಾಯಿಂದ ಬಂದಂತಾಯಿತು. ಮಧ್ಯಾಹ್ನ ಆಫೀಸಿನಿಂದ ಕರೆ ಬಂತು, ಆ ಭಾಷಣವನ್ನು ಪೋಷಕರಿಗಾಗಿ ಕನ್ನಡಕ್ಕೆ ಅನುವಾದ ಮಾಡಿಕೊಡಬೇಕು. ಮಾಡಿಕೊಟ್ಟೆ. ಮೂಲದಲ್ಲಿ ಅದು ಚೆನ್ನಾಗಿಯೇ ಇತ್ತು, ಅನುವಾದದಲ್ಲಿ ಇನ್ನೂ ಚೆನ್ನಾಯಿತು.

ಕಹಿಯಾಗಿಯೇ ಉಳಿಯಬೇಕೆಂದು ನಾನು ಪ್ರಯತ್ನಪಟ್ಟೆ. ಆದರೆ ಒಂದು ವಾರದಲ್ಲಿ ಬಡಗಿ ಬಂದು ಎಲ್ಲ ಬಾಗಿಲಿಗೂ ಹಿತ್ತಾಳೆಯ ಚಿಲಕ ಜಡಿದು ಹೋದ. ಎಂಟನೇ ಕ್ಲಾಸಿನ ಹುಡುಗಿಯರು ಅದನ್ನು ಹಾಕುವುದೂ ತೆಗೆಯುವುದೂ ಮಾಡಿ ಆಟವಾಡುತ್ತಿದ್ದರು. ಅಂಥದ್ದನ್ನು ನೋಡಿಕೊಂಡು ಎಷ್ಟು ದಿನ ಮುಖ ಊದಿಸಿಕೊಂಡಿರುವುದು? ಆಕೆಯೂ ಕೆಟ್ಟವರಾಗಿರಲಿಲ್ಲ. ಸಲಹೆಗಾರರು ಕೊಟ್ಟದ್ದನ್ನು ಓದಿದ್ದರು, ಅಷ್ಟೆ. ಯಾರಿಂದಲೋ ವಿಷಯ ತಿಳಿದ ದಿನ ನನ್ನ ಕ್ಲಾಸಿನ ಬಾಗಿಲಿಗೆ ಬಂದು ನಿಂತರು.

“ಮೇಡಂ, ಅವತ್ತು ನೀವು ವೆಲ್‌ಕಮ್‌ಗೆ ಬಂದಿದ್ದು ಅಲ್ವಂತೆ.”

“ಅಲ್ಲ ಮೇಡಂ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿಮಗೆ ಚಳಿ ಆಗ್ತಿತ್ತು,” ಎಂದೆ. ಅವರು ನಕ್ಕರು, ಆಮೇಲೆ ಕಣ್ಣು ಕೆಳಗೆ ಹಾಕಿದರು. ಅಲ್ಲಿಂದ ನಾವು ಸ್ನೇಹಿತರಾದೆವು. ರಾಜ್ಯೋತ್ಸವದ ಭಾಷಣಕ್ಕೆ ಅವರಿಗೆ ‘ಳ’ ಮತ್ತು ‘ಲ’ಗಳ ವ್ಯತ್ಯಾಸ ಕಲಿಸಿದೆ.

ಅವರು ಹೆಚ್ಚು ಕಾಲ ಇರಲಿಲ್ಲ. ಸರ್ಜಾಪುರದ ಕಡೆಯ ಯಾವುದೋ ದೊಡ್ಡ ಶಾಲೆ ಕರೆಯಿತು, ಹೋದರು. ವರ್ಷದ ಮಧ್ಯ. ಚೇರ್ಮನ್ನರು ನನ್ನನ್ನು ಕೋಣೆಗೆ ಕರೆಸಿದರು. ಈ ಸಲ ಇಂಗ್ಲಿಷ್ ನುಡಿಗಟ್ಟು, ಸಂದರ್ಶನ, ಸಲಹೆಗಾರರು ಏನೂ ಇಲ್ಲ.

“ಮೇಡಂ, ನಾಳೆಯಿಂದ ನೀವೇ ನೋಡ್ಕೊಳ್ಳಿ. ಕೈ ಮುಗೀತೀನಿ,” ಎಂದರು.

“ಇನ್‌ಚಾರ್ಜಾ ಸಾರ್, ಪ್ರಿನ್ಸಿಪಾಲಾ?”

ಅವರು ಸ್ವಲ್ಪ ಯೋಚಿಸಿ, “ಪ್ರಿನ್ಸಿಪಾಲೇ” ಎಂದರು. ಒಪ್ಪಿಕೊಂಡೆ. ಮೊದಲು ಪರದೆ ಬದಲಾಯಿಸಿದೆ. ಆದರೆ ನನ್ನ ಜಾಗಕ್ಕೆ ಕನ್ನಡ ಟೀಚರ್ ಸಿಗಲಿಲ್ಲ, ಹತ್ತನೇ ಕ್ಲಾಸನ್ನು ನಾನೇ ತೆಗೆದುಕೊಳ್ಳಬೇಕಾಯಿತು.

ಗೊಟ್ಟಿಗೆರೆಯಿಂದ ಒಬ್ಬ ತಾಯಿ ಟೆಸ್ಟ್ ಪೇಪರ್ ಹಿಡಿದು ನೇರ ನನ್ನ ಕೋಣೆಗೆ ಬಂದರು. ನನ್ನನ್ನು ಮೊದಲು ನೋಡಿದವರಲ್ಲ. ಕುರ್ಚಿ ಎಳೆದುಕೊಂಡು ಕೂತು, “ಮೇಡಂ, ನಿಮ್ಮ ಕನ್ನಡ ಮಿಸ್ಸು ತುಂಬಾ ಜುಗ್ಗಿ. ಒಂದು ಒತ್ತಕ್ಷರಕ್ಕೆ ಅರ್ಧರ್ಧ ಮಾರ್ಕ್ಸ್ ಕಟ್ ಮಾಡ್ತಾರೆ. ಮಗು ಅಳ್ತಾ ಇದೆ” ಎಂದರು.

ಪೇಪರ್ ತೆಗೆದುಕೊಂಡು ನೋಡಿದೆ. ಒತ್ತಕ್ಷರ ನಿಜವಾಗಿಯೂ ತಪ್ಪಿತ್ತು.

“ನಾನು ಅವರ ಹತ್ತಿರ ಮಾತಾಡ್ತೀನಮ್ಮ,” ಎಂದೆ.

“ಸ್ವಲ್ಪ ಸ್ಟ್ರಿಕ್ಟಾಗೇ ಹೇಳಿ ಮೇಡಂ. ಇಂಥೋರಿಗೆ ನೀವು ಪ್ರಿನ್ಸಿಪಾಲ್ ಅನ್ನೋ ಭಯ ಇರ್ಬೇಕು.”

“ಇದೆಯಮ್ಮ,” ಎಂದೆ. “ತುಂಬಾ ಇದೆ.”