ನಾಲ್ಕು ಬೆರಳು ಉದ್ದದ ಬೆನ್ನು

"ಇದೇನು ಸ್ವೆಟರೋ ಕುಬಸೋ ಚಾಚಿ? ಒಂದೀಟು ಬಗ್ಗಿದ್ರ ಸಾಕು, ನಡಾ ಎಲ್ಲಾ ಹೊರಗ ಬೀಳ್ತದ. ಬೆನ್ನಿಗೆ ಥಂಡಿ ಹತ್ತಿ ಸಾಯಾಕತ್ತೀನಿ. ಇದನ್ನ ನನಗ ಹೆಣದೀರೋ, ನಮ್ಮ ಸಣ್ಣ ಹುಡುಗಗ ಹೆಣದೀರೋ?"

"ಅಳತಿ ಕೊಡಾಗ ಮದುಮಗನಂಗ ಎದಿ ಸೆಟಿಸಿ ನಿಂತಿದ್ದಿ. ಹಂಗ ನಿಂತು ಮೀನ ಹಿಡಿ, ಎಲ್ಲಾ ಸರಿ ಕುಂದರ್ತದ. ನನ್ನ ಅಂಗಳಕ್ಕ ಬಂದು ಒದರಬ್ಯಾಡ."

ಸುರಪುರದ ಈ ಓಣಿಯಲ್ಲಿ ಬಿಸಿಲು ಈಗಷ್ಟೇ ಮಾಳಿಗೆಯ ಅಂಚಿಗೆ ಬಂದಿದೆ. ಬೋನಾಳದ ಮೀನುಗಾರ ದೇವಿಂದ್ರ ಕಡುಹಸಿರು ಬಣ್ಣದ ತೋಳಿಲ್ಲದ ಸ್ವೆಟರನ್ನು ಕಟ್ಟೆಯ ಮೇಲೆ ಎಸೆದು, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ. ಹೊರಗೆ ಅವನ ಮೋಟರ್ ಸೈಕಲ್ಲಿನ ಹಿಂದೆ ಕಟ್ಟಿದ ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿದೆ. ಮೀನು ಪೇಟೆಗೆ ಹೋಗುವ ದಾರಿಯಲ್ಲಿ ಅವನು ಇಲ್ಲಿಗೆ ಬಂದದ್ದು ಇದು ಮೂರನೆಯ ಸಲ. ಮೊದಲ ಸಲ ಕುತ್ತಿಗೆ ಬಿಗಿ ಎಂದ, ಮಸ್ತಾನಬಿ ಬಿಚ್ಚಿ ಸಡಿಲ ಮಾಡಿ ಕೊಟ್ಟಳು. ಎರಡನೆಯ ಸಲ ಗಿಡ್ಡ ಎಂದ, ಸುತ್ತಲೂ ಎರಡು ಸಾಲು ಸೇರಿಸಿ ಕೊಟ್ಟಳು. ಈಗ ಮತ್ತೆ ಅದೇ ಮಾತು. ಜೊತೆಗೆ ಹೊಸದೊಂದು ದೂರು: ಮುಂದಿನ ಅಂಚು ನೀರಿಗೆ ಬಿದ್ದು, ನೆನೆದು, ಕಲ್ಲು ಕಟ್ಟಿದ ಹಾಗೆ ಜಗ್ಗುತ್ತದಂತೆ.

ಮಸ್ತಾನಬಿಗೆ ಸಿಟ್ಟು ಬಂದರೆ ಕೈ ನಿಲ್ಲುವುದಿಲ್ಲ, ಇನ್ನೂ ಜೋರಾಗಿ ಓಡುತ್ತದೆ. ತೊಡೆಯ ಮೇಲಿದ್ದ ಬೇರೆ ಯಾರದೋ ಸ್ವೆಟರಿನ ಮೇಲೆ ಒಂದು ಸಾಲು ಮುಗಿಸಿ, ಕಡ್ಡಿಯನ್ನು ಮೇಲೆತ್ತಿ ಹಿಡಿಯುತ್ತಾಳೆ. ಅಷ್ಟು ಹೊತ್ತಿಗೆ ಎದುರು ಮನೆಯ ದುರಗಮ್ಮ ಕಸಬರಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಾಳೆ.

"ದುರಗಮ್ಮ, ನೀನೂ ಕೇಳು. ಇದು ಇನ್ನೊಂದು ಸಲ ಹೊಳ್ಳಿ ಬಂತಂದ್ರ ಈ ಕಡ್ಡಿ ಒಲಿಗೆ ಹಾಕ್ತೀನಿ. ಆಮ್ಯಾಲ ಯಾರಿಗೂ ಹೆಣಿಯಂಗಿಲ್ಲ."

ದೇವಿಂದ್ರ ಗಾಡಿ ಚಾಲೂ ಮಾಡಿಕೊಂಡು ಹೋಗುತ್ತಾನೆ. ಸ್ವೆಟರ್ ಕಟ್ಟೆಯ ಮೇಲೆಯೇ ಉಳಿಯುತ್ತದೆ.

ಐವತ್ತಾರು ವರ್ಷದ ಮಸ್ತಾನಬಿಯ ಹೆಸರನ್ನು ಯಾವ ಅಂಗಡಿಯ ಫಲಕದ ಮೇಲೂ ಬರೆದಿಲ್ಲ. ಅವಳ ಕೆಲಸ ನೋಡಬೇಕೆಂದರೆ ಮಾಗಿಯ ದಿನಗಳಲ್ಲಿ ಬೆಳಗಿನ ಐದು ಗಂಟೆಗೆ ಸುರಪುರದ ಬಸ್ ನಿಲ್ದಾಣಕ್ಕೆ ಬರಬೇಕು. ಈ ಸುಡುವ ಸೀಮೆಯಲ್ಲಿ ಉಲನ್ ಯಾರಿಗೆ ಬೇಕು ಎಂದು ನಗುವವರು ಆ ಹೊತ್ತಿಗೆ ಹಾಸಿಗೆ ಬಿಟ್ಟು ಎದ್ದವರಲ್ಲ. ಹಾಲಿನ ಕ್ಯಾನು ಇಳಿಸುವವನು, ಹೂವಿನ ಬುಟ್ಟಿ ಹೊರುವವಳು, ಹುಣಸಗಿ ಕಡೆ ಕಾಲುವೆ ನೀರು ತಿರುಗಿಸಿ ಅದೇ ಕೆಸರುಗಾಲಲ್ಲಿ ಬಂದವನು, ಹೀಗೆ ನಾಲ್ಕರಲ್ಲಿ ಒಬ್ಬರ ಮೈಮೇಲೆ ಅವಳ ಕೈಯ ದಪ್ಪ ಉಲನ್ನಿನ ಸ್ವೆಟರ್ ಇರುತ್ತದೆ. ಒಂದಕ್ಕೂ ತೋಳಿಲ್ಲ. ತೋಳು ಯಾಕಿಲ್ಲ ಎಂದು ಕೇಳಿದರೆ ಮಸ್ತಾನಬಿಗೆ ಅದೊಂದು ಪ್ರಶ್ನೆಯೇ ಅಲ್ಲ.

"ತೋಳ ಇದ್ರ ಹಾಲಾಗ ಬೀಳ್ತದ, ನೀರಾಗ ಬೀಳ್ತದ, ಒಲ್ಯಾಗ ಬೀಳ್ತದ. ಕೆಲಸ ಮಾಡೋರ ಕೈಗೆ ಥಂಡಿ ಹತ್ತಂಗಿಲ್ರಿ. ಎದಿ ಬೆನ್ನ ಬೆಚ್ಚಗಿದ್ರ ಸಾಕು."

ಕಡ್ಡಿ ಹಿಡಿದದ್ದು ಒಂಬತ್ತನೆಯ ವಯಸ್ಸಿಗೆ. ಆಗ ಹೆಣೆಯುತ್ತಿದ್ದದ್ದು ನಮಾಜಿನ ಟೋಪಿ. ಬಿಳಿ ನೂಲು, ಸೂಜಿಯಷ್ಟೇ ತೆಳ್ಳಗಿನ ಕ್ರೋಶಾ ಕಡ್ಡಿ, ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು. ತಾಯಿ ಕಲಿಸಿದ ಆ ಕೆಲಸವನ್ನು ನಲವತ್ತು ವರ್ಷ ಮಾಡಿದಳು. ರಂಜಾನ್ ತಿಂಗಳು ಹತ್ತಿರ ಬಂತೆಂದರೆ ದಿನಕ್ಕೆ ಎರಡು ಟೋಪಿ. ಆಮೇಲೆ ಕಣ್ಣು ಕೈಕೊಟ್ಟವು. ಕನ್ನಡಕ ಹಾಕಿದರೂ ನೂಲಿನ ಮೇಲೆ ನೂಲು ಎರಡಾಗಿ ಕಾಣುತ್ತಿತ್ತು. ಹೆಣೆದದ್ದನ್ನು ಮಗಳು ಉಮೆಸಲ್ಮಾ ತಿರುಗಿಸಿ ನೋಡಿ, ಇಲ್ಲಿ ಬಿಟ್ಟಿದ್ದೀ, ಅಲ್ಲಿ ಬಿಟ್ಟಿದ್ದೀ ಎಂದು ತೋರಿಸುವಳು. ಒಂದು ವರ್ಷ ಪೂರ್ತಿ ಕೈಕಟ್ಟಿ ಕುಳಿತಳು. ಆ ವರ್ಷದ ಮಾತು ತೆಗೆದರೆ ಈಗಲೂ ಮುಖ ಗಂಟಿಕ್ಕುತ್ತಾಳೆ.

"ಜಡ್ಡಿಲ್ಲ ಜಾಪತ್ರಿಲ್ಲ, ಸುಮ್ನ ಕುಂತಿದ್ದೆ. ಬೆರಳು ರಾತ್ರಿ ಹಗಲು ತಾನ ಆಡ್ತಿದ್ದವು. ಸೆರಗಿನ ಅಂಚ ಜಗ್ಗಿ ಜಗ್ಗಿ ಹರಿದಿದ್ದೆ."

ದಪ್ಪ ಉಲನ್ ಬಂದದ್ದು ಶಹಾಪುರದ ಅಂಬಣ್ಣನ ತಪ್ಪಿನಿಂದ. ಪೇಟೆಯಲ್ಲಿ ದಾರ, ಗುಂಡಿ, ಲೇಸು ಮಾರುವ ಅಂಬಣ್ಣ ಬಾಗಿಲ ತೋರಣಕ್ಕೆಂದು ತೆಳು ಉಲನ್ ಕಳಿಸಲು ಹೇಳಿದ್ದ. ಬಂದಿಳಿದದ್ದು ಕಿರುಬೆರಳಿನಷ್ಟು ದಪ್ಪದ್ದು, ಎರಡು ಮೂಟೆ. ಎಂಟು ತಿಂಗಳು ಒಬ್ಬರೂ ಮುಟ್ಟಲಿಲ್ಲ, ಬೆಕ್ಕು ಅದರ ಮೇಲೆ ಮರಿ ಹಾಕಿತು. ಟೋಪಿಯ ನೂಲು ಒಯ್ಯುತ್ತಿದ್ದ ಮಸ್ತಾನಬಿಯ ನೆನಪಾಗಿ, ಏನಾದರೂ ಮಾಡಿಕೊಳ್ಳಲಿ ಎಂದು ಕಳಿಸಿದ. ಮೂಟೆ ಬಿಚ್ಚಿ ಒಂದು ಉಂಡೆಯನ್ನು ಕೈಗೆ ತೆಗೆದುಕೊಂಡಾಗ ಅವಳಿಗೆ ಮೊದಲು ತಿಳಿದದ್ದು, ಇದಕ್ಕೆ ಕಣ್ಣು ಬೇಡ ಎಂಬುದು. ಕಣ್ಣು ಮುಚ್ಚಿದರೂ ಒಂದೊಂದು ಕುಣಿಕೆ ಬೆರಳಿಗೆ ಸಿಗುತ್ತದೆ.

ಅಷ್ಟು ದಪ್ಪದ ಕಡ್ಡಿ ಮಾತ್ರ ಎಲ್ಲೂ ಸಿಗಲಿಲ್ಲ. ಗಂಡ ಅಲ್ಲಾಬಕ್ಷ ಬಾಗಿಲು ಚೌಕಟ್ಟು ಮಾಡುವ ಬಡಿಗ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಮುರಿದ ಕಿಟಕಿಯ ಸಾಗವಾನಿ ತುಂಡೊಂದನ್ನು ಕೆತ್ತಿ, ತುದಿಗೆ ಕೊಕ್ಕೆ ಬಿಡಿಸಿ, ಗಾಜಿನ ಚೂರಿನಿಂದ ಹೆರೆದು, ಕೊಬ್ಬರಿ ಎಣ್ಣೆ ತಿಕ್ಕಿ ಅವಳ ಮುಂದಿಟ್ಟ. ಆರು ಚಳಿಗಾಲ ಕಳೆದಿವೆ, ಅದೇ ಕಡ್ಡಿ. ಹಿಡಿಯುವ ಜಾಗದಲ್ಲಿ ಅವಳ ಹೆಬ್ಬೆರಳಿನ ಅಚ್ಚು ಬಿದ್ದಿದೆ. ಒಲೆಗೆ ಹಾಕುತ್ತೇನೆ ಎಂದು ಅಂದು ಎತ್ತಿ ಹಿಡಿದದ್ದು ಅದನ್ನೇ.

ನಸುಕಿನ ಫಜರ್ ನಮಾಜು ಮುಗಿಸಿ ಕಟ್ಟೆಗೆ ಬಂದು ಕುಳಿತರೆ ಊಟದ ಹೊತ್ತಿಗೆ ಒಂದು ಬೆನ್ನು ಮುಗಿಯುತ್ತದೆ. ಅಡ್ಡಲಾಗಿ ಐವತ್ತು ಕುಣಿಕೆ, ಉದ್ದಕ್ಕೆ ನಲವತ್ತು ಸಾಲು. ಎದೆಯ ಭಾಗಕ್ಕೆ ಇನ್ನೊಂದು ದಿನ. ದೊಡ್ಡಾಳಿಗೆ ಆರು ಉಂಡೆ ಉಲನ್ ಹಿಡಿಯುತ್ತದೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ನಲವತ್ತರಿಂದ ನಲವತ್ತೈದು ಸ್ವೆಟರ್. ಅವಳು ಓದಿದವಳಲ್ಲ, ಅಳತೆಯ ಟೇಪು ಮುಟ್ಟುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ದಾರ. ಎದೆಗೊಂದು ಗಂಟು, ಭುಜಕ್ಕೊಂದು, ಉದ್ದಕ್ಕೊಂದು. ದಾರದ ತುದಿಗೆ ಅವರ ಸ್ವೆಟರಿನ ಉಲನ್ನಿನ ಚೂರು ಕಟ್ಟಿ ಗೋಡೆಯ ಮೊಳೆಗೆ ನೇತು ಹಾಕುತ್ತಾಳೆ. ಇನ್ನೂರಕ್ಕೂ ಹೆಚ್ಚು ದಾರಗಳಿವೆ. ಯಾವುದನ್ನು ಮುಟ್ಟಿದರೂ ಅದು ಯಾರ ಮೈ ಎಂದು ಹೇಳುತ್ತಾಳೆ.

ಅವಳ ಲೆಕ್ಕದಲ್ಲಿ ಒಳ್ಳೆಯ ಸ್ವೆಟರ್ ಎಂದರೆ ಹೊಗಳಿಸಿಕೊಂಡದ್ದಲ್ಲ, ಹೊಳ್ಳಿ ಬಾರದ್ದು. ಹಾಕಿಕೊಂಡು ಹೋದವನು ಅದನ್ನು ಹಿಡಿದುಕೊಂಡು ತಿರುಗಿ ಬಾರದಿದ್ದರೆ ಗೆದ್ದಂತೆ. ಆರು ವರ್ಷದಲ್ಲಿ ಒಂದು ಸಲ ತಿರುಗಿ ಬಂದವರು ಹನ್ನೊಂದು ಮಂದಿ, ಎರಡು ಸಲ ಬಂದವರು ಇಬ್ಬರು. ಮೂರನೆಯ ಸಲ ಬಂದವನು ದೇವಿಂದ್ರ ಒಬ್ಬನೇ. ಅದಕ್ಕೇ ಆ ದಿನ ಅವಳು ಮಧ್ಯಾಹ್ನ ಊಟ ಮಾಡಲಿಲ್ಲ. ಓಣಿಯ ಮುಂದೆ ಆಡಿದ ಮಾತನ್ನು ಅವಳು ನುಂಗುವವಳಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತು. ನಾಲ್ಕನೆಯ ಸಲ ಅವನು ಅದನ್ನು ತಿರುಗಿ ತಂದರೆ ಕಡ್ಡಿ ನಿಜಕ್ಕೂ ಒಲೆಗೆ ಹೋಗುತ್ತದೆ, ಬೆರಳುಗಳು ಮತ್ತೆ ಸೆರಗು ಹರಿಯುತ್ತವೆ. ಉಮೆಸಲ್ಮಾ ಫೋನಿನಲ್ಲಿ ಅಳತೆಯ ಪಟ್ಟಿ ತೆಗೆದು ತೋರಿಸಿದಳು. ಆ ಪಟ್ಟಿಯಲ್ಲಿರುವವರು ಯಾರಾದರೂ ಮೀನು ಹಿಡಿಯುತ್ತಾರೇನು ಎಂದು ತಾಯಿ ಕೇಳಿದಳು. ಕೇಳಿದ ಮೇಲೆ ಅವಳಿಗೇ ಹೊಳೆಯಿತು. ಮೀನು ಹೇಗೆ ಹಿಡಿಯುತ್ತಾರೆ ಎಂದು ಅವಳೂ ನೋಡಿರಲಿಲ್ಲ.

ಮರುದಿನ ನಮಾಜು ಮುಗಿದದ್ದೇ ಅಲ್ಲಾಬಕ್ಷನ ಟಿವಿಎಸ್ ಗಾಡಿಯ ಹಿಂದೆ ಕುಳಿತು ಬೋನಾಳದ ಕೆರೆಯ ದಂಡೆಗೆ ಹೋದಳು. ಸೊಂಟಕ್ಕೆ ಸಿಕ್ಕಿಸಿದ್ದು ಇನ್ನೂ ಗಂಟು ಹಾಕದ ಒಂದು ದಾರ. ಆಗಷ್ಟೇ ಬೆಳಕು ಹರಿಯುತ್ತಿತ್ತು, ನೀರಿನ ಮೇಲೆ ಹಕ್ಕಿಗಳ ಗದ್ದಲ. ದೇವಿಂದ್ರ ದುಂಡನೆಯ ತೆಪ್ಪದಲ್ಲಿ ದಂಡೆಗೆ ಹತ್ತಿರವೇ ಬಲೆ ಎತ್ತುತ್ತಿದ್ದ. ಹಳೆಯ ಅಂಗಿ, ಮೇಲೊಂದು ಗೋಣಿಚೀಲ. ಅವಳು ಕಲ್ಲಿನ ಮೇಲೆ ಕುಳಿತು ನೋಡಿದಳು. ಅವನು ನಿಲ್ಲುವುದೇ ಇಲ್ಲ. ಒಂದು ಮೊಣಕಾಲು ಊರಿ, ಅಂಚಿನ ಮೇಲೆ ಹೊಟ್ಟೆ ಇಟ್ಟು, ಎಡಗೈಯನ್ನು ನೀರಿಗೆ ಉದ್ದ ಚಾಚಿ ಬಲೆಯನ್ನು ಜಗ್ಗುತ್ತಾನೆ. ಪ್ರತಿ ಸಲ ಬೆನ್ನು ಬಿಲ್ಲಾಗುತ್ತದೆ, ಎಡಬಗಲು ಬಾಯಿ ತೆರೆಯುತ್ತದೆ, ಎದೆಯ ಕೆಳಗಿನದೆಲ್ಲ ನೀರಿಗೆ ತಾಗುತ್ತದೆ. ಹಿಂದೆ ಗಿಡ್ಡವಾಗುವ ಸ್ವೆಟರಿಗೆ ತಾನು ಮುಂದೆಯೂ ಎರಡು ಸಾಲು ಸೇರಿಸಿದ್ದು ನೆನಪಾಗಿ ಅವಳು ಹಣೆ ಚಚ್ಚಿಕೊಂಡಳು.

ಅವಳನ್ನು ಕಂಡು ದೇವಿಂದ್ರ ಗಾಬರಿಯಾಗಿ ತೆಪ್ಪವನ್ನು ದಂಡೆಗೆ ತಂದ. ಇಳಿಯಲು ಹೋದವನನ್ನು ಅವಳು ಬಿಡಲಿಲ್ಲ.

"ಇಳೀಬ್ಯಾಡ. ಹಂಗ ಬಗ್ಗು, ಬಲಿ ಜಗ್ಗು. ತಪ್ಪ ನಿಂದಲ್ಲ, ನಂದು. ನಾ ನಿಂತಾವನ ಅಳತಿ ತಗೊಂಡೀನಿ, ನೀ ಬಗ್ಗಿ ದುಡಿಯಾಂವ."

ಮಂಡಿಯುದ್ದ ನೀರಿಗಿಳಿದು, ಒಂದು ಕೈಯಲ್ಲಿ ತೆಪ್ಪದ ಅಂಚು ಹಿಡಿದು, ಬಾಗಿದ ಅವನ ಬೆನ್ನಿನ ಮೇಲೆ ದಾರ ಎಳೆದು ಗಂಟು ಹಾಕಿದಳು. ಮುಂದೆ ಬೇರೆ ಗಂಟು, ಎಡಬಗಲಿಗೆ ಬೇರೆ, ಬಲಬಗಲಿಗೆ ಬೇರೆ. ಪಕ್ಕದ ತೆಪ್ಪಗಳಿಂದ ನಗು ಕೇಳಿತು. ದೇವಿಂದ್ರನಿಗೆ ಸೀರೆ ನೇಯಿಸುತ್ತಿದ್ದಾರೇನು ಎಂದು ಯಾರೋ ಕೂಗಿದರು. ಅವಳು ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದು ಹಸಿರು ಸ್ವೆಟರನ್ನು ಪೂರ್ತಿ ಬಿಚ್ಚಿದಳು. ಬಿಚ್ಚಿದ ಉಲನ್ ಸುರುಳಿ ಸುರುಳಿಯಾಗಿ ಮೊಂಡು ಹಿಡಿಯುತ್ತದೆ. ಅದನ್ನು ಹೊರಸಿನ ಕಾಲುಗಳಿಗೆ ಸುತ್ತಿ, ಬಿಸಿನೀರು ಚಿಮುಕಿಸಿ, ಒಂದು ಹಗಲು ಬಿಸಿಲಿಗೆ ಬಿಟ್ಟಳು. ಆಮೇಲೆ ಎರಡು ದಿನ ಬೇರೆ ಯಾರ ಕೆಲಸವನ್ನೂ ಮುಟ್ಟಲಿಲ್ಲ. ಮುಗಿದಾಗ ಅದನ್ನು ನೋಡಿ ಉಮೆಸಲ್ಮಾಗೆ ನಗು ತಡೆಯಲಾಗಲಿಲ್ಲ. ಮುಂದಿಗಿಂತ ಬೆನ್ನು ನಾಲ್ಕು ಬೆರಳು ಉದ್ದ. ಎಡಬಗಲು ಬಲಕ್ಕಿಂತ ಮೂರು ಬೆರಳು ಆಳ. ಮೊಳೆಗೆ ಹಾಕಿದರೆ ಒಂದು ಕಡೆ ವಾಲುತ್ತದೆ. ಯಾವ ಗೂನುಬೆನ್ನಿನವನದು ಎಂದು ಮಗಳು ಕೇಳಿದಳು. ಅಲ್ಲಾಬಕ್ಷ ಮಾತ್ರ ಕೆಲಸದಿಂದ ಬಂದವನು ಅದನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಚೌಕಟ್ಟು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ. "ಕೂಡ್ತದ," ಅಂದ. ಆ ದಿನದ ಹತ್ತು ಮಾತಿನಲ್ಲಿ ಅದೂ ಒಂದು.

ಶುಕ್ರವಾರ ಬೆಳಿಗ್ಗೆ ದೇವಿಂದ್ರ ಸ್ವೆಟರ್ ಒಯ್ಯಲು ಬರುತ್ತಾನೆ. ಕಟ್ಟೆಯ ಮೇಲಿನ ಸ್ವೆಟರ್ ನೋಡಿ ಅವನ ಹುಬ್ಬು ಗಂಟಾಗುತ್ತದೆ. ಎದುರು ಬಾಗಿಲಿನಲ್ಲಿ ದುರಗಮ್ಮ ಇದ್ದೇ ಇದ್ದಾಳೆ. ಮಸ್ತಾನಬಿ ಅಂಗಳದ ಒರಳುಕಲ್ಲನ್ನು ತೋರಿಸುತ್ತಾಳೆ. ಅವನು ಸ್ವೆಟರ್ ಹಾಕಿಕೊಂಡು, ಮೊಣಕಾಲೂರಿ, ಕಲ್ಲಿನ ಅಂಚಿಗೆ ಹೊಟ್ಟೆ ಕೊಟ್ಟು, ಇಲ್ಲದ ಬಲೆಯನ್ನು ಜಗ್ಗುತ್ತಾನೆ. ಒಂದು ಸಲ, ಎರಡು ಸಲ, ಐದು ಸಲ. ಎದ್ದು ಬೆನ್ನ ಹಿಂದೆ ಕೈಯಾಡಿಸಿ ನೋಡಿಕೊಳ್ಳುತ್ತಾನೆ. ಚಲೋ ಆಗಿದೆ ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. ಡಬ್ಬಿಯಿಂದ ಎರಡು ದೊಡ್ಡ ಮೀನು ತೆಗೆದು ಉಮೆಸಲ್ಮಾಳ ಕೈಗೆ ಕೊಟ್ಟು, ಸ್ವೆಟರ್ ಹಾಕಿಕೊಂಡೇ ಗಾಡಿ ಹತ್ತಿ ಓಣಿ ದಾಟಿ ಹೋಗುತ್ತಾನೆ.

ಶನಿವಾರ ಗಾಡಿಯ ಸಪ್ಪಳವಾದಾಗಲೆಲ್ಲ ಮಸ್ತಾನಬಿ ಕತ್ತೆತ್ತುತ್ತಾಳೆ. ಭಾನುವಾರವೂ. ಸೋಮವಾರ ಬಂದ ಹಾಲಿನವನಿಗೆ, ಅಳತೆ ಬೇಕಿದ್ದರೆ ಕ್ಯಾನು ಎತ್ತಿ ತೋರಿಸು ಎನ್ನುತ್ತಾಳೆ. ಕಾಲುವೆಯ ರೈತ ಅಂಗಳದಲ್ಲಿ ಇಲ್ಲದ ಸಲಿಕೆ ಹಿಡಿದು ಇಲ್ಲದ ಮಣ್ಣು ತೋಡುತ್ತಾನೆ. ಓಣಿಯ ಮಂದಿಗೆ ಇದೊಂದು ಆಟವಾಗಿದೆ. ಅವಳ ದಾರಗಳಲ್ಲಿ ಈಗ ಮೂರಲ್ಲ, ಐದು ಗಂಟು.

ಹತ್ತನೆಯ ದಿನ ಬೆಳಿಗ್ಗೆ ಮೀನಿನ ವಾಸನೆ ಮೊದಲು ಬರುತ್ತದೆ. ಮಸ್ತಾನಬಿಯ ಕೈ ನಿಲ್ಲುತ್ತದೆ. ಬಾಗಿಲಲ್ಲಿ ನಿಂತವನು ದೇವಿಂದ್ರ ಅಲ್ಲ, ಬೋನಾಳದ ಇನ್ನೊಬ್ಬ, ಹಣಮೇಶ. ಅಂದು ಪಕ್ಕದ ತೆಪ್ಪದಿಂದ ಸೀರೆಯ ಮಾತು ಕೂಗಿದವನು. ಅವಳು ಏನೂ ಹೇಳುವ ಮೊದಲೇ ಒರಳುಕಲ್ಲಿನ ಹತ್ತಿರ ಹೋಗಿ, ಮೊಣಕಾಲೂರಿ, ಬಗ್ಗಿ, ಎಡಗೈ ಉದ್ದ ಚಾಚುತ್ತಾನೆ.

ಮಸ್ತಾನಬಿ ಹೊಸ ದಾರ ತೆಗೆದುಕೊಂಡು ಅವನ ಬೆನ್ನಿಗೆ ಹಿಡಿಯುತ್ತಾಳೆ. ಮೊದಲ ಗಂಟು ಹಾಕುವಾಗ, ದೇವಿಂದ್ರ ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ.

ಹಣಮೇಶ ಬಗ್ಗಿದಲ್ಲಿಂದಲೇ ಹೇಳುತ್ತಾನೆ: "ಅವ ಯಾಕ ಬರ್ತಾನ್ರಿ ಚಾಚಿ?"